ಮೂರು, ಮೂರು, ಎರಡು

ಹಿಟ್ಟಿನ ಚೀಲ ಹರಿದು ಅದರ ಒಳಮೈ ಮೇಲೆ
ಲಮಾರಾ ಟೀಚರು ಗೆರೆ ಎಳೆದರು.
ಕುತೈಸಿಯ ಸೇತುವೆ ಪಕ್ಕದ ರೊಟ್ಟಿ ಅಂಗಡಿ.
ಒಲೆ ಇನ್ನೂ ಉಸಿರಾಡುತ್ತಿತ್ತು.

ಗುರಾಮ್ ಹಾಕಿದ್ದು ಆರು ಸಾವಿರ ಲಾರಿ
(ಅಲ್ಲಿ ಲಾರಿ ಅಂದರೆ ದುಡ್ಡು, ನಮ್ಮ ಸರಕಿನ ಗಾಡಿಯಲ್ಲ),
ಹನ್ನೆರಡು ತಿಂಗಳು.
ತ್ಸಿಯುರಿ ಬಂದದ್ದು ನಾಲ್ಕು ತಿಂಗಳು ತಡವಾಗಿ,
ತಂದದ್ದು ಒಂಬತ್ತು ಸಾವಿರ.
"ಗುಣಿಸಿ" ಅಂದರು ಟೀಚರು, ಹಿಂದಿನ ಬೆಂಚಿನವರಿಗೆ ಹೇಳುವ ಹಾಗೆ.
ಎಪ್ಪತ್ತೆರಡು.
ಎಪ್ಪತ್ತೆರಡು.
ಬೇಗ ಬಂದ ಕಡಿಮೆ, ತಡವಾಗಿ ಬಂದ ಹೆಚ್ಚು
ತಕ್ಕಡಿಯಲ್ಲಿ ಸಮ ತೂಗಿದ್ದು
ಇಬ್ಬರಿಗೂ ಅಷ್ಟೇನು ಹಿಡಿಸಲಿಲ್ಲ.

ಇನ್ನು ಒತಾರ್.
ನಾಲ್ಕು ಸಾವಿರ. ತಿಂಗಳು?
ಪೆನ್ಸಿಲು ಅಲ್ಲೇ ನಿಂತಿತು.

"ಏಳು" ಅಂದ ಗುರಾಮ್, ನೆಲ ನೋಡುತ್ತ.
"ಏಳನೇ ತಿಂಗಳಲ್ಲಿ ತಾನೇ ಮಣ್ಣು ಮಾಡಿ ಬಂದದ್ದು?
ಅವನ ಮೇಲೆ ನನಗೇನು ಹಗೆಯೆ. ಲೆಕ್ಕ ಲೆಕ್ಕವೇ."

ಟೀಚರು ಅದನ್ನೂ ಬರೆದು ನೋಡಿದರು.
ನಾಲ್ಕೇಳಲಿ ಇಪ್ಪತ್ತೆಂಟು.
ಹದಿನೆಂಟು, ಹದಿನೆಂಟು, ಏಳು; ಕೂಡಿದರೆ ನಲವತ್ತಮೂರು.
ವರ್ಷದ ಲಾಭ ಒಂಬತ್ತು ಸಾವಿರದ ಆರುನೂರು
ನಲವತ್ತಮೂರರ ಹಲ್ಲಿಗೆ ಸಿಕ್ಕಿ
ಮುಗಿಯಲೇ ಇಲ್ಲ; ದಶಾಂಶದ ಬಾಲ
ಚೀಲದ ಅಂಚು ದಾಟಿ ಮೇಜಿಗಿಳಿಯಿತು.

"ಒತಾರ್ ಹೋದ, ಸರಿ.
ಅವನ ನಾಲ್ಕು ಸಾವಿರ ಎಲ್ಲಿ ಹೋಯಿತು?"

ತ್ಸಿಯುರಿ ಒಲೆಯತ್ತ ಕೈ ತೋರಿದಳು.
ಆ ದುಡ್ಡಲ್ಲೇ ಕಟ್ಟಿದ ಮಣ್ಣಿನ ಗುಡಾಣ.
ಒಳಗೋಡೆಗೆ ಬಡಿದ ರೊಟ್ಟಿ
ಇವತ್ತು ಬೆಳಿಗ್ಗೆಯೂ ಜಾರಿರಲಿಲ್ಲ.

"ದುಡ್ಡಿಗೆ ಸೂತಕವಿಲ್ಲ" ಎನ್ನುತ್ತ ಟೀಚರು
ಏಳನ್ನು ಹೊಡೆದು ಹನ್ನೆರಡು ಬರೆದರು.
ನಲವತ್ತೆಂಟು.
ಮೂರು, ಮೂರು, ಎರಡು. ಶೇಷ ಸೊನ್ನೆ.

ಗುರಾಮ್ ತೋಳು ಮಡಚಿದ. ಮೊಣಕೈವರೆಗೆ ಸುಟ್ಟ ಕಲೆ,
ಹಳತರ ಮೇಲೆ ಹೊಸತು.
"ಐದು ತಿಂಗಳು ನಸುಕಿಗೇ ಎದ್ದು
ಅವನ ಪಾಳಿಯೂ ನಾನೇ ಬೆಂದೆನಲ್ಲ,
ಅದಕ್ಕೆ ಯಾವ ಸಾಲು?"

ಟೀಚರು ಚೀಲವನ್ನು ಮೇಲಿಂದ ಕೆಳಗೆ ನೋಡಿದರು,
ಸಾಲು ಅಲ್ಲಿ ಇರಬಹುದೇನೋ ಎಂಬಂತೆ.
"ಈ ಲೆಕ್ಕದಲ್ಲಿ ಅದು ಬರುವುದಿಲ್ಲ."
ಸ್ವಲ್ಪ ಹೊತ್ತಾದ ಮೇಲೆ:
"ಬರಬೇಕಿತ್ತು. ಮೊದಲ ದಿನವೇ ಬರೆದುಕೊಳ್ಳಬೇಕಿತ್ತು."

ಒತಾರನ ಹೆಂಡತಿಯ ಲಕೋಟೆಗೆ
ಎರಡು ಸಾವಿರದ ನಾನೂರನ್ನು ಗುರಾಮನೇ ಎಣಿಸಿದ.
ಒಮ್ಮೆ. ಇನ್ನೊಮ್ಮೆ.
ಮೂರನೇ ಸಲಕ್ಕೆ ತ್ಸಿಯುರಿ ಅವನ ಕೈಯಿಂದ ಕಸಿದುಕೊಂಡು
ಅಂಟು ನೆಕ್ಕಿ ಮುಚ್ಚಿದಳು.

ಹೊರಡುವಾಗ ಟೀಚರಿಗೆ ಎರಡು ಬಿಸಿ ರೊಟ್ಟಿ,
ಕಾಗದ ಸುತ್ತಿ.
ದುಡ್ಡು ಕೊಡಹೋದರೆ ಇಬ್ಬರೂ ಬೇಡವೆಂದರು.
ಆ ಎರಡು ರೊಟ್ಟಿ ಯಾರ ಪಾಲಿನದು ಎಂದು
ಯಾರೂ ಕೇಳಲಿಲ್ಲ.