ಥೆಲ್ಮಾಳಿಗೆ ಕೋಳಿಗೂಡಿನ ವರದಿ

ಥೆಲ್ಮಾ,
ಟೊಮ್ಯಾಟೊ ಬೀಜದ ಲಕೋಟೆಯ ಬೆನ್ನಿಗೆ
ನೀನು ಬರೆದುಕೊಟ್ಟ ಚೀಟಿ ಫ್ರಿಜ್ಜಿನ ಬಾಗಿಲಲ್ಲಿದೆ.
'ಎರಡು ವಾರ ಬಲೆಯ ಆಚೆ ಈಚೆ.
ನೋಡಲಿ, ಬೈಯಲಿ, ಮುಟ್ಟದಿರಲಿ.
ನೀರಿನ ಪಾತ್ರೆ ಎರಡಿಡು, ದೂರ ದೂರ.
ಅವಸರ ಬೇಡ ಕ್ಲೆಮ್, ನಿನ್ನ ಗುಣ ನನಗೆ ಗೊತ್ತು.'

ಅವಸರ ಮಾಡಿದೆ.

ಒಂಬತ್ತನೇ ದಿನ ಬಲೆಯ ಬಾಗಿಲು ತೆರೆದೆ.
ಐದು ಹರೆಯದ ಹೇಂಟೆಗಳು, ಕಾಲೇ ಹೆಚ್ಚು, ಮೈ ಕಡಿಮೆ,
ಅರ್ಧ ಪಿಳ್ಳೆ, ಅರ್ಧ ಕೋಳಿ,
ಹೊಸ ಶಾಲೆಯ ಮೊದಲ ದಿನದ ಹಾಗೆ
ಒಂದರ ಹಿಂದೊಂದು ಹೊರಬಂದವು.
ನಿನ್ನ ಪೋಸ್ಟ್‌ಮಿಸ್ಟ್ರೆಸ್ ಕತ್ತು ಉದ್ದ ಮಾಡಿ
ಒಂದು ಕಣ್ಣಲ್ಲಿ ನೋಡಿದಳು, ತಿರುಗಿ ಇನ್ನೊಂದರಲ್ಲಿ,
ವಿಳಾಸ ತಪ್ಪಿ ಬಂದ ಪಾರ್ಸೆಲ್ಲು ನೋಡಿದಂತೆ.
ಆಮೇಲೆ ಏನಾಯಿತೆಂದು ಹೇಳುವುದಿಲ್ಲ.
ಸೌದೆ ರಾಶಿಯ ಹಿಂದಿನಿಂದ ಎರಡನ್ನು,
ಟ್ರ್ಯಾಕ್ಟರಿನ ಅಡಿಯಿಂದ ಎರಡನ್ನು ಎಳೆದು ತಂದೆ.
ಐದನೆಯದು, ಬೂದಿ, ನೆತ್ತಿಯ ನಾಲ್ಕು ಗರಿ ಕಳೆದುಕೊಂಡು
ನನ್ನ ಬೂಟುಗಳ ನಡುವೆ ನಿಂತಿತ್ತು,
ನಾನೊಂದು ಮರವೆಂಬಂತೆ.

ಮತ್ತೆ ಬಲೆ ಕಟ್ಟಿದೆ. ಲೆಕ್ಕ ಮೊದಲಿನಿಂದ.
ಫೋನಿನಲ್ಲಿ ನೀನು, 'ಎಲ್ಲ ಸರಿಯಾ?'
'ಸರಿ' ಅಂದೆ. ನೀನು ನಂಬಲಿಲ್ಲ.
ಸೊಂಟಕ್ಕೆ ಉಕ್ಕು ಹಾಕಿಸಿಕೊಂಡವರಿಗೆ
ಸುಳ್ಳು ಬೇಗ ತಿಳಿಯುತ್ತದೋ ಏನೋ.

ಇನ್ನು ನಿನ್ನೆಯ ಸುದ್ದಿ.

ರೇಡಿಯೋ ನಲವತ್ತೈದು ಅಂದಿತು.
ನಮ್ಮ ತಗಡಿನ ಶೆಡ್ಡಿಗೆ ಅದೂ ಕಡಿಮೆಯೇ.
ಜನವರಿಯ ಸೂರ್ಯ ಮ್ಯಾಲಿಯ ಕೆಂಪು ಮಣ್ಣನ್ನು
ಕಾವಲಿಯ ಮೇಲಿಟ್ಟು ಮರೆತುಬಿಟ್ಟಿದ್ದ.
ನೀಲಗಿರಿಯ ತೊಗಟೆ ಸಿಡಿಯುವುದು ಅಡುಗೆಮನೆಗೆ ಕೇಳಿಸುತ್ತಿತ್ತು.
ಗಿಳಿಗಳು ಸುಮ್ಮನಿದ್ದವು, ಥೆಲ್ಮಾ. ಗಿಳಿಗಳು!
ಕೋಳಿಗಳು ಕೊಕ್ಕು ತೆರೆದು, ರೆಕ್ಕೆ ಮೈಯಿಂದ ಬಿಡಿಸಿ ಹಿಡಿದು,
ಎರಡೂ ಕೈಯಲ್ಲಿ ಚೀಲ ಹಿಡಿದು
ಬಸ್ಸಿಗೆ ಓಡಿಬಂದ ಹೆಂಗಸರಂತೆ ಏದುಸಿರು ಬಿಡುತ್ತಿದ್ದವು.
ಚಿಕ್ಕವುಗಳ ಕಡೆ ಮಧ್ಯಾಹ್ನ ನೆರಳೇ ಇಲ್ಲ.
ನೀನಿದ್ದಿದ್ದರೆ ಅದನ್ನು ಮೊದಲೇ ನೋಡುತ್ತಿದ್ದೆ.
ನಾನು ನೋಡಿರಲಿಲ್ಲ.

ಬಲೆ ಕಿತ್ತೆ. ಬೇರೆ ದಾರಿಯಿರಲಿಲ್ಲ.
ಪೆಪ್ಪರ್ ಮರದ ಬುಡಕ್ಕೆ ಪೈಪು ಬಿಟ್ಟು ಕೆಸರು ಮಾಡಿದೆ,
ಬಕೆಟ್ಟಿಗೆ ಐಸು ಸುರಿದೆ,
ಕಲ್ಲಂಗಡಿಯನ್ನು ಬೇಲಿಗೂಟಕ್ಕೆ ಬಡಿದು ಹೋಳು ಮಾಡಿ
ಎರಡು ಮೂಲೆಗೆ ಎಸೆದೆ.
ಯಾರೂ ಯಾರನ್ನೂ ಕುಕ್ಕಲಿಲ್ಲ.
ಕುಕ್ಕಲಿಕ್ಕೆ ತ್ರಾಣವಿರಲಿಲ್ಲ.
ಪೋಸ್ಟ್‌ಮಿಸ್ಟ್ರೆಸ್ ಒದ್ದೆ ಮಣ್ಣಿಗೆ ಹೊಟ್ಟೆ ಕೊಟ್ಟು ಕೂತಳು;
ಗೇಣು ದೂರದಲ್ಲಿ ಬೂದಿ.
ಹನ್ನೊಂದು ಕೋಳಿ, ಒಂದು ನೆರಳು.
ಅದು ಸರಿದ ಹಾಗೆ ಎಲ್ಲ ಒಟ್ಟಿಗೆ ಸರಿದವು,
ಬೋರಲು ಹಾಕಿದ ಡಬ್ಬದ ಮೇಲೆ ಕೂತಿದ್ದ ನಾನೂ ಸರಿದೆ.
ಗೆದ್ದೆ ಅಂದುಕೊಂಡೆ.
ನಿನಗೆ ಹೇಳಲು ಮಾತು ಕೂಡ ಜೋಡಿಸಿದ್ದೆ.

ಆರೂವರೆಗೆ ದಕ್ಷಿಣದ ಗಾಳಿ ಬಂತು.
ಬಾಗಿಲು ಬಡಿಯಿತು, ತಗಡು ಅದುರಿತು,
ಹತ್ತೇ ನಿಮಿಷಕ್ಕೆ ಅಂಗಿಯ ಬೆವರು ತಣ್ಣಗಾಯಿತು.
ಪೋಸ್ಟ್‌ಮಿಸ್ಟ್ರೆಸ್ ಎದ್ದಳು, ಮೈ ಕೊಡವಿದಳು,
ಮರೆತದ್ದೇನೋ ನೆನಪಾದಂತೆ ಅತ್ತಿತ್ತ ನೋಡಿ
ಬೂದಿಯ ನೆತ್ತಿಗೆ ಕುಕ್ಕಿದಳು.
ಒಂದೇ ಸಲ. ಲೆಕ್ಕಕ್ಕೆ. ಮುದ್ರೆ ಒತ್ತಿದ ಹಾಗೆ.
ಬೂದಿ ಕಿರುಚಿತು, ಎರಡು ಹೆಜ್ಜೆ ಹಿಂದೆ ಸರಿಯಿತು,
ಓಡಲಿಲ್ಲ.

ರಾತ್ರಿ ಟಾರ್ಚು ಹಿಡಿದು ಹೋದೆ.
ಮೇಲಿನ ಅಡ್ಡಗೋಲಿನಲ್ಲಿ ನಿನ್ನ ಆರು ಮುದುಕಿಯರು.
ಕೆಳಗಿನದರಲ್ಲಿ ನಾಲ್ಕು.
ಎದೆ ಧಸಕ್ಕೆಂದಿತು. ಹೋದ ವರ್ಷದ ನರಿ.
ಆಮೇಲೆ ಕಂಡಿತು: ಮೊಟ್ಟೆಯ ಪೆಟ್ಟಿಗೆಯೊಳಗೆ ಮುದುಡಿ,
'ಅಲ್ಲಿ ಮಾತ್ರ ಮಲಗಲು ಬಿಡಬೇಡ, ರೂಢಿಯಾಗುತ್ತದೆ' ಎಂದು
ಚೀಟಿಯ ಕೊನೆಗೆ ನೀನು ಎರಡು ಗೆರೆ ಎಳೆದಿದ್ದೀಯಲ್ಲ,
ಅಲ್ಲೇ.
ಎತ್ತಿ ಕೋಲಿನ ಮೇಲಿಡಬೇಕಿತ್ತು.
ಟಾರ್ಚು ಆರಿಸಿದೆ.

ನಾನೂ ಈಗ ವರಾಂಡದ ಕುರ್ಚಿಯಲ್ಲೇ ಮಲಗುವುದು.
ಬಂದಮೇಲೆ ಇಬ್ಬರಿಗೂ ಬಿಡಿಸು.