ಮೂವತ್ತೇಳನೇ ಮನೆ

ಕೋಡಿಬಾಗದ ರಸ್ತೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ.
ಆಧಾರ್, ಪಹಣಿ, ದೋಣಿಯ ಲೈಸೆನ್ಸು,
ಮದುವೆಗೆ ಮುಂಚೆ ಜಾತಕ, ಆಮೇಲೆ ರೇಶನ್ ಕಾರ್ಡು,
ಇಷ್ಟೇ ಕಂಡ ಯಂತ್ರಕ್ಕೆ
ಮೊನ್ನೆ ಶುಕ್ರವಾರ ಮೊದಲ ಸಲ
ಒಂದು ಆಮೆ ಬಂತು.

ತಂದವನು ಅರಣ್ಯ ಇಲಾಖೆಯ ವಾಚರ್ ಮಾದೇವ ಗುನಗಿ.
ಕಡಲಾಮೆಯ ಆಟ, ತಾನೇ ಬರೆದದ್ದು,
ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ, ಸ್ಕೇಲಿಲ್ಲದೆ.
ಐವತ್ತು ಮನೆ. ಮೊದಲನೆಯದು ಗೂಡು, ಕೊನೆಯದು ಕಡಲು.
"ನಾಳೆ ಕಾಂಡ್ಲಾ ವನಕ್ಕೆ ಶಾಲೆ ಮಕ್ಕಳು ಬರ್ತಾರೆ,
ನಲವತ್ತು ಪ್ರತಿ ಬೇಕು. ದುಡ್ಡು ಇಲಾಖೆ ಕೊಡ್ತದೆ.
ಯಾವಾಗ ಅಂತ ಕೇಳಬೇಡ."

ಕೇಳಲಿಲ್ಲ. ಮುಚ್ಚಳ ಹಾಕಿ ಒತ್ತಿದೆ.
ಹಸಿರು ಬೆಳಕು ಗೂಡಿನಿಂದ ಕಡಲವರೆಗೆ
ಒಮ್ಮೆ ಹರಿದು ಹೋಯಿತು.

ಹದಿನೈದು: ನಾಯಿ. ಐದು ಮನೆ ಹಿಂದೆ.
ಇಪ್ಪತ್ತೆರಡು: ರೆಸಾರ್ಟಿನ ದೀಪ. ಚಂದ್ರನೆಂದುಕೊಂಡು
ದಾರಿ ತಪ್ಪಿದಿರಿ, ಒಂದು ಸರದಿ ಕೂತಿರಿ.
ಇಪ್ಪತ್ತೊಂಬತ್ತು: ಯಾರೋ ಪ್ಲಾಸ್ಟಿಕ್ ಹೆಕ್ಕಿದರು. ಏಣಿ.
ಮೂವತ್ತೇಳು: ಬಲೆ. ಸತ್ತಿರಿ. ಗೂಡಿಗೆ ಹಿಂತಿರುಗಿ.

ಮೂವತ್ತೊಂದು ಪ್ರತಿಯಾಗುವಷ್ಟರಲ್ಲಿ ಟೋನರ್ ಬಡವಾಗಿ
ಕೊನೆಯ ಒಂಬತ್ತು ಹಾಳೆಗಳಲ್ಲಿ ಕಡಲೇ ಬರಲಿಲ್ಲ.
"ಇರಲಿ ಬಿಡು" ಎಂದ ಮಾದೇವ,
"ಮಂಜು ಬಿದ್ದ ಬೆಳಗು ಅಂದ್ಕೊಳ್ಳಲಿ."

ಮರುದಿನ ಬಾಗಿಲು ಹಾಕಿ ನಾನೂ ಹೋದೆ.
ಹನ್ನೊಂದು ವರ್ಷದ ಅಂಗಡಿ, ಹತ್ತು ನಿಮಿಷದ ದಾರಿ,
ಒಮ್ಮೆಯೂ ಆಚೆ ಕಾಲಿಟ್ಟವಳಲ್ಲ.
ಕಾಳಿ ನದಿಗೆ ಇಳಿತದ ಹೊತ್ತು.
ಕೆಸರಿನ ತುಂಬ ಉಸಿರುಬೇರು,
ಯಾರೋ ಮೊನೆ ಮೇಲಾಗಿ ನೆಟ್ಟುಹೋದ ಪೆನ್ಸಿಲ್ಲುಗಳ ಹಾಗೆ.
ಒಂದೇ ಕೈ ದೊಡ್ಡದಾದ ಏಡಿಯೊಂದು
ಬಸ್ಸು ನಿಲ್ಲಿಸುವವರಂತೆ ನಮ್ಮ ಕಡೆ ಬೀಸುತ್ತಿತ್ತು.
ನೋಡದೆಯೇ ಮಿಂಚುಳ್ಳಿಗೆ ಸರಿ ಗುರುತು ಹಾಕಿದ ಹುಡುಗನ ಕಿವಿಗೆ
ಫಿಲೋಮಿನಾ ಅಕ್ಕೋರ ಕೈ ಹೋಯಿತು;
ಅಷ್ಟರಲ್ಲಿ ನಿಜವಾದದ್ದು ಹಾರಿ,
ಆ ನೀಲಿಯನ್ನು ನಾನೂ ಅವನೂ ಮಾತ್ರ ನೋಡಿದೆವು.

ಹಲಗೆ ಸೇತುವೆಯ ಮೇಲೆ ಆಟ. ಕಾಯಿಗೆ ಬಳಚಿನ ಚಿಪ್ಪು.
ಐದನೇ ಇಯತ್ತೆಯ ಚೇತನಾ ಹರಿಕಂತ್ರಳ ಚಿಪ್ಪು
ಮೂವತ್ತೇಳಕ್ಕೆ ಬಂದು ಕೂತಿತು. ಹಿಂದೆ ಸರಿಸಲಿಲ್ಲ.
"ಇದು ತಪ್ಪು."
"ಏನು ತಪ್ಪು ತಂಗಿ?"
"ಹೋದ ವರ್ಷ ನಮ್ಮಪ್ಪನ ಬಲೆಗೂ ಬಿದ್ದಿತ್ತು.
ಅಪ್ಪ ಕೊಯ್ದು ಬಿಟ್ಟ. ಆಮೆಯನ್ನಲ್ಲ, ಬಲೆಯನ್ನ.
ಹೊಸಾ ಬಲೆ. ಅಮ್ಮ ಎರಡು ದಿನ ಮಾತಾಡಲಿಲ್ಲ."
ಮಾದೇವ ಟೋಪಿ ತೆಗೆದು ತಲೆ ಕೆರೆದುಕೊಂಡ.
"ಎಲ್ಲರೂ ಕೊಯ್ಯೂದಿಲ್ಲ ತಂಗಿ."
"ಹಂಗಂತಲೇ ಬರೀರಿ."

ಪೆನ್ನು ನನ್ನ ಹತ್ತಿರ ಇತ್ತು,
ಕೌಂಟರಿಗೆ ಕಟ್ಟಿದ್ದ ದಾರದ ಸಮೇತ.
ನಲವತ್ತು ಹಾಳೆಗಳಲ್ಲಿ "ಸತ್ತಿರಿ" ಹೊಡೆದು ಬರೆದೆವು:
ದಾಳ ಹಾಕಿ. ಆರು ಬಿದ್ದರೆ, ಯಾರೋ ಬಲೆ ಕೊಯ್ದರು.
"ಆರು ಕಷ್ಟ, ಮೂರು ಮಾಡಿ" ಎಂದು ಗಲಾಟೆ.
ಚೇತನಾ ಒಪ್ಪಲಿಲ್ಲ. "ಆರೇ ಇರಲಿ.
ಬಲೆಗೆ ಎಷ್ಟು ದುಡ್ಡು ಗೊತ್ತಿದ್ಯಾ?"

ಭರತ ಏರುತ್ತಿತ್ತು. ಪೆನ್ಸಿಲ್ಲುಗಳೆಲ್ಲ ಮುಳುಗಿದವು.
ಕಡಲಿಲ್ಲದ ಹಾಳೆ ಸಿಕ್ಕವರು
ಐವತ್ತಕ್ಕೆ ಬಂದು ಎಲ್ಲಿ ನಿಲ್ಲುವುದೆಂದು ತಿಳಿಯದೆ
ಚಿಪ್ಪನ್ನು ಹಾಳೆಯಾಚೆ ಸರಿಸಿ, ಹಲಗೆಯ ಸಂದಿಗೆ ತಂದು
ಬಿಟ್ಟೇಬಿಟ್ಟರು. ಗುಳುಂ.
ಕಡಲು ಚೆನ್ನಾಗಿ ಬಂದವರಿಗೆ ಹೊಟ್ಟೆಕಿಚ್ಚು.

ಸೋಮವಾರ ಒಬ್ಬ ಅಂಗಡಿಗೆ ಬಂದ.
ಬಲೆ ಕೊಂಡ ರಸೀದಿ, ಎರಡು ಪ್ರತಿ.
ಹೆಸರು ಓದಿದೆ: ಹರಿಕಂತ್ರ.
ಇಲ್ಲಿ ಬಂದರಿನ ಅರ್ಧಕ್ಕರ್ಧ ಹರಿಕಂತ್ರರೇ. ಕೇಳಲಿಲ್ಲ.
ಹೊಸ ಟೋನರು, ಅಕ್ಷರ ತಿಲಮಾತಿಯ ಮರಳಿನಷ್ಟು ಕಪ್ಪು.
ಬೆಲೆ ಬರೆದ ಜಾಗವನ್ನು
ಎರಡು ಸಲ ಓದಿ
ನಾಲ್ಕು ರೂಪಾಯಿಯ ಬದಲು ಎರಡು ತೆಗೆದುಕೊಂಡೆ.