ಹೂಕುಂಡದೊಳಗೆ

ಓಸ್ತ್ರಾವಾದ ಹಿಮ ಬಕೆಟ್ಟಿನಲ್ಲಿ ಕರಗುತ್ತಿದೆ.
ನಲ್ಲಿನೀರು ಗಡಸು, ಅಮೆಜಾನಿನ ಈ ಕುಳ್ಳ ಸಿಕ್ಲಿಡ್‌ಗೆ ಆಗದು;
ಹೆಂಡತಿಯ ಹಳೇ ಕಾಲುಚೀಲದಲ್ಲಿ
ಮಸಿ ಸೋಸಿ ಸುರಿಯುತ್ತಾನೆ ಜ್ಬಿನ್ಯೆಕ್.

ಮೂವತ್ತು ವರ್ಷ ಕಲ್ಲಿದ್ದಲಿನೊಳಗೆ ತೆವಳಿದವನು
ಈಗ ತೊಟ್ಟಿಯ ಮುಂದೆ ಮೊಣಕಾಲೂರಿ
ಮಗುಚಿದ ಹೂಕುಂಡದ ಬಾಯಿಗೆ ಟಾರ್ಚು ಹಿಡಿದಿದ್ದಾನೆ.

ಸೂರಿಗಂಟಿದ ಅರವತ್ತು ಕೆಂಪು ಮೊಟ್ಟೆ.
ಕಿರುಬೆರಳಷ್ಟು ತಾಯಿ
ಮೊನ್ನೆಯವರೆಗೂ ಬೂದು, ಇವತ್ತು ಅಪ್ಪಟ ಅರಿಶಿನ.
ತನ್ನೆರಡರಷ್ಟಿರುವ ಗಂಡನನ್ನು ಮೂಲೆಗಟ್ಟಿ ಬಂದು
ಈಜುರೆಕ್ಕೆ ಬೀಸುತ್ತಾಳೆ, ಬೀಸುತ್ತಲೇ ಇದ್ದಾಳೆ.

"ಸಾಕು, ಆರಿಸು. ಹೆದರಿದರೆ ತಿಂದುಬಿಟ್ಟಾಳು."
ಮೆಟ್ಟಿಲ ಮೇಲಿಂದ ಬೊಹುಂಕಾ.

ಆರಿಸುತ್ತಾನೆ.
ಕತ್ತಲಲ್ಲಿ ಕೂತೇ ಇರುತ್ತಾನೆ,
ಗಣಿಯ ಗೇಟಿನಲ್ಲಿ ಅವಳು
ಮೇಲೆ ಬಂದ ತಲೆಗಳನ್ನು ಎಣಿಸುತ್ತ
ನಿಂತಿರುತ್ತಿದ್ದಳಲ್ಲ, ಹಾಗೆ.